ಹೂಗ್ಲಿಯ ಆಚೆ ದಡದ ಎರೆಹುಳು

ಕೋಲ್ಕತ್ತದ ಬಂದರು ಪ್ರದೇಶ ಖಿದಿರ್‌ಪುರದ ಹೆಸರಿನ ಬಗ್ಗೆ ಎರಡು ವಾದಗಳಿವೆ. ದೋಣಿಯವರು ನೆನೆಯುವ ನೀರಿನ ಸಂತ ಖಿಜ್ರ್‌ನಿಂದ ಬಂತು ಎಂಬುದು ಒಂದು, ಅಲ್ಲಿ ಹಡಗು ಕಟ್ಟುತ್ತಿದ್ದ ಜೇಮ್ಸ್ ಕಿಡ್‌ನಿಂದ ಬಂತು ಎಂಬುದು ಇನ್ನೊಂದು. ಅದೇ ಉಪನಾಮದ ರಾಬರ್ಟ್ ಕಿಡ್ 1787ರಲ್ಲಿ ಹೂಗ್ಲಿಯ ಆಚೆ ದಡದ ಶಿಬ್‌ಪುರದಲ್ಲಿ ಸಸ್ಯೋದ್ಯಾನವೊಂದನ್ನು ಸ್ಥಾಪಿಸಿದ. ಎರೆಹುಳುವಿನ ಚರಿತ್ರೆಯಲ್ಲಿ ಆ ತೋಟಕ್ಕೊಂದು ಜಾಗವಿದೆ.

ಚಾರ್ಲ್ಸ್ ಡಾರ್ವಿನ್ನನ ಕೊನೆಯ ಪುಸ್ತಕ ಎರೆಹುಳುಗಳ ಬಗ್ಗೆ. 1881ರಲ್ಲಿ ಬಂದ ಅದಕ್ಕೆ ಇಂಗ್ಲೆಂಡಿನ ಹುಳುಗಳಷ್ಟೇ ಸಾಲಲಿಲ್ಲ. ಬಿಸಿಲ ನಾಡಿನ ಮಾಹಿತಿಯನ್ನೂ ಅವನು ತರಿಸಿಕೊಂಡ. ಶಿಬ್‌ಪುರದ ತೋಟದ ಮುಖ್ಯಸ್ಥ ಜಾರ್ಜ್ ಕಿಂಗ್ ಕಳಿಸಿದ ಹುಳುವಿನ ಹಿಕ್ಕೆಗಳು ಪುಟ್ಟ ಗೋಪುರದಂತಿದ್ದವು. ಅಂಥದ್ದೊಂದರ ಚಿತ್ರ ಪುಸ್ತಕದಲ್ಲಿದೆ. ನೀಲಗಿರಿಯ ಹಿಕ್ಕೆಯೊಂದು ಕಾಲು ಪೌಂಡಿಗಿಂತ ಹೆಚ್ಚು ತೂಗಿತ್ತು. ಬಂಗಾಳದ ಹುಳುಗಳನ್ನು ಗಮನಿಸಿ ಬರೆದುಕೊಟ್ಟವನು ಅದೇ ತೋಟದ ಜಾನ್ ಸ್ಕಾಟ್. ಡಾರ್ವಿನ್ನನ ನೆರವಿನಿಂದಲೇ 1864ರಲ್ಲಿ ಭಾರತಕ್ಕೆ ಬಂದಿದ್ದ ಈ ಸ್ಕಾಟ್ಲೆಂಡಿನ ತೋಟಗಾರ, ಪುಸ್ತಕ ಬರುವ ಹಿಂದಿನ ವರ್ಷ ತೀರಿಕೊಂಡ.

ಹುಳು ಮಣ್ಣು ಮಾಡುವ ಬಗೆಯನ್ನು ಒಂದು ದಡದಲ್ಲಿ ಅಳೆಯುತ್ತಿದ್ದ ಕಾಲದಲ್ಲೇ, ಇನ್ನೊಂದು ದಡದ ನಗರ ತನ್ನ ಕಸವನ್ನು ದೂರ ಸಾಗಿಸುವುದನ್ನು ಕಲಿಯುತ್ತಿತ್ತು. 1860ರ ದಶಕದ ಕೊನೆಯಿಂದ ಪುರಸಭೆಯ ರೈಲು ಕಸವನ್ನು ಪೂರ್ವದ ಧಾಪಾಕ್ಕೆ ಒಯ್ದಿತು. 1880ರ ಸುಮಾರಿಗೆ ಭವನಾಥ ಸೇನ್ ಆ ಜಾಗವನ್ನು ಗುತ್ತಿಗೆ ಹಿಡಿದು ತರಕಾರಿ ಬೆಳೆಸಿದರು. ಆಗಿನ ಕಸ ಬಹುಪಾಲು ಸಿಪ್ಪೆ, ಬೂದಿ, ಸಗಣಿ. ಅದು ಕೊಳೆತು ಮಣ್ಣಾಗುತ್ತಿತ್ತು. ಇಂದು ಪ್ಲಾಸ್ಟಿಕ್, ಗಾಜು ಬೆರೆತು ಧಾಪಾ ಗುಡ್ಡವಾಗಿದೆ. ಸುತ್ತಲಿನ 12,500 ಹೆಕ್ಟೇರ್ ಜೌಗುಪ್ರದೇಶ 2002ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿತು.

ಹಾಗಾದರೆ ಅಡುಗೆಮನೆಯ ಸಿಪ್ಪೆಯನ್ನು ಮನೆಯಲ್ಲೇ ಹುಳುವಿಗೆ ಹಾಕಬಹುದಲ್ಲವೇ? ಹಾಕಬಹುದು, ಆದರೆ ಎಲ್ಲ ಹುಳುವೂ ಆ ಕೆಲಸಕ್ಕಲ್ಲ. ತೋಟದಲ್ಲಿ ಅಗೆದಾಗ ಸಿಗುವ ಹುಳು ಮಣ್ಣಿನೊಳಗೆ ಬಿಲ ತೋಡುವಂಥದ್ದು. ಸಿಪ್ಪೆಯ ಡಬ್ಬಿಯಲ್ಲಿ ಅದು ಬಾಳುವುದು ಕಷ್ಟ. ಸಗಣಿ, ಕೊಳೆತ ಎಲೆಗಳ ನಡುವೆ ಮೇಲ್ಪದರದಲ್ಲೇ ಬದುಕುವ ಹುಳು ಬೇಕು. ನಮ್ಮ ದೇಶದ್ದೇ ಆದ ಪೆರಿಯೋನಿಕ್ಸ್ ಎಕ್ಸ್‌ಕವೇಟಸ್ ಅಂಥದ್ದು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ರಾಧಾ ಕಾಳೆ ಮತ್ತು ಸಂಗಡಿಗರು ಆಫ್ರಿಕಾ ಮೂಲದ ಯೂಡ್ರಿಲಸ್ ಹುಳುವಿನ ಮೇಲೆ ಕೆಲಸ ಮಾಡಿ ಎರೆಗೊಬ್ಬರವನ್ನು ರೈತರ ಬಳಕೆಗೆ ತಂದರು.

ನೆರಳು, ತೇವ, ಗಾಳಿ. ಎಣ್ಣೆ, ಉಪ್ಪು, ಮಾಂಸ ದೂರ. ಬೇಕಾದದ್ದು ಇಷ್ಟೇ. ಎಲ್ಲಕ್ಕಿಂತ ಮುಖ್ಯ, ಪ್ಲಾಸ್ಟಿಕ್ಕಿಗೆ ಸೇರುವ ಮೊದಲೇ ಸಿಪ್ಪೆಯನ್ನು ಬೇರ್ಪಡಿಸಬೇಕು. ಖಿದಿರ್‌ಪುರದ ಅಡುಗೆಮನೆಯಲ್ಲಿ ಬೇರ್ಪಟ್ಟರೆ ಅದು ಗೊಬ್ಬರ; ಲಾರಿಯಲ್ಲಿ ಬೆರೆತು ಧಾಪಾಕ್ಕೆ ಹೋದ ಮೇಲೆ ಯಾವ ಹುಳುವಿಗೂ ಅದನ್ನು ಬಿಡಿಸಲಾಗದು.