ಕ್ಲೌಡ್ ಸಂಗ್ರಹದಲ್ಲಿ 403 ಮತ್ತು 404 ದೋಷಗಳು

ಕ್ಲೌಡ್ ಸಂಗ್ರಹದಲ್ಲಿ ಕಡತ ಕೇಳಿದಾಗ ಸಿಗುವ ಎರಡು ಬಗೆಯ ನಿರಾಕರಣೆಗಳ ಸಂಖ್ಯೆಗಳಿವು. 403 ಎಂದರೆ ಅನುಮತಿಯಿಲ್ಲ, 404 ಎಂದರೆ ಕೇಳಿದ್ದು ಸಿಗಲಿಲ್ಲ. ಎರಡರ ನಡುವಿನ ಗೆರೆ ಮೊದಲಿನಿಂದಲೂ ಮಸುಕು.

ಇದರ ಬೇರು ಯುನಿಕ್ಸ್‌ನಲ್ಲಿದೆ. ಅಲ್ಲಿ ಕಡತ ಇಲ್ಲದಿದ್ದರೆ ದೋಷಸಂಖ್ಯೆ 2, ಅನುಮತಿ ಇಲ್ಲದಿದ್ದರೆ 13. ಫೋಲ್ಡರ್ ಹೊಗಲು ಅನುಮತಿಯೇ ಇಲ್ಲದವರಿಗೆ, ಒಳಗೆ ಕಡತ ಇರಲಿ ಬಿಡಲಿ, 13 ಮಾತ್ರ ಸಿಗುತ್ತದೆ. ಟಿಮ್ ಬರ್ನರ್ಸ್-ಲೀ ಅವರ 1991ರ ಎಚ್‌ಟಿಟಿಪಿಯಲ್ಲಿ ಸ್ಥಿತಿಸಂಖ್ಯೆಗಳೇ ಇರಲಿಲ್ಲ. 1996ರ 1.0 ದಾಖಲೆ, ಸರ್ವರ್‌ಗೆ ವಿವರ ಬಿಟ್ಟುಕೊಡಲು ಮನಸ್ಸಿಲ್ಲದಿದ್ದರೆ 404ರ ಬದಲು 403 ಕೊಡಬಹುದೆಂದಿತು. 1999ರ 1.1 ದಾಖಲೆ ಅದನ್ನೇ ತಿರುವುಮುರುವಾಗಿಸಿ, 403ರ ಬದಲು 404 ಎಂದಿತು. ಗುಟ್ಟು ಕಾಯುವ ಸುಳ್ಳಿಗೆ ಎರಡು ಸಲವೂ ಅಧಿಕೃತ ಮುದ್ರೆ ಬಿತ್ತು.

2006ರ ಮಾರ್ಚ್ 14ರಂದು ಬಂದ ಅಮೆಜಾನ್ ಎಸ್‌3 ನಡೆದದ್ದು ಹಳೆಯ ದಾರಿಯಲ್ಲಿ. ಬಕೆಟ್‌ನ, ಅಂದರೆ ಕಡತಗಳನ್ನಿಡುವ ಸಂಗ್ರಹದ, ಪಟ್ಟಿ ನೋಡುವ ಅನುಮತಿ ಇಲ್ಲದವರು ಇಲ್ಲದ ಕಡತ ಕೇಳಿದರೂ ಅದು 403 ಎನ್ನುತ್ತದೆ. ಹಾಗಲ್ಲದಿದ್ದರೆ ಹೆಸರು ಊಹಿಸುತ್ತಾ ಹೋದವರಿಗೆ ಏನಿದೆ, ಏನಿಲ್ಲ ಎಂಬುದು ತಿಳಿದುಬಿಡುತ್ತದೆ. ಕಾವಲಿಗೆ ಇದು ಸರಿಯೇ. ಕೋಡ್ ಬರೆಯುವವರಿಗೆ ತಲೆನೋವು. ಕಡತದ ಹೆಸರಿನಲ್ಲಿ ಚಿಕ್ಕಕ್ಷರದ ಜಾಗಕ್ಕೆ ದೊಡ್ಡಕ್ಷರ ಬಿದ್ದಿರುತ್ತದೆ, ಅವರು ಅನುಮತಿಯ ನಿಯಮಗಳನ್ನು ಜಾಲಾಡುತ್ತಿರುತ್ತಾರೆ. ಇದಕ್ಕೆ ಎದುರಾಗಿ, ಅಜೂರ್ ಬ್ಲಾಬ್ ಸಂಗ್ರಹ ಗುರುತು ತೋರಿಸದೆ ಖಾಸಗಿ ಕಂಟೇನರ್‌ಗೆ ಬಂದವರಿಗೆ ಬಹುಕಾಲ 404 ಕೊಟ್ಟಿತು.

ಕಡತ ಇದೆಯೇ ಎಂದಷ್ಟೇ ವಿಚಾರಿಸುವ 'ಹೆಡ್' ಕೋರಿಕೆಯದು ಇನ್ನೊಂದು ತೊಡಕು. ಅದರ ಉತ್ತರಕ್ಕೆ ಒಡಲಿಲ್ಲ. ಹಾಗಾಗಿ ಪೈಥಾನ್‌ನ ಬೋಟೋ3 ಲೈಬ್ರರಿ 'ನೋಸಚ್‌ಕೀ' ಎಂಬ ದೋಷದ ಹೆಸರಿನ ಬದಲು ಬರೀ '404' ಒಪ್ಪಿಸುತ್ತದೆ. ಹೆಸರಿಗಾಗಿ ಕಾದ ಕೋಡ್ ಕೈಕೊಡುತ್ತದೆ. 2012ರ ಪೈಥಾನ್ 3.3 ಯುನಿಕ್ಸ್‌ನ ಆ ಎರಡು ದೋಷಗಳಿಗೂ ಪ್ರತ್ಯೇಕ ಎಕ್ಸೆಪ್ಶನ್‌ಗಳನ್ನು ತಂದಿತು. ಎಸ್‌3ಎಫ್‌ಎಸ್‌ನಂಥ ಲೈಬ್ರರಿಗಳು ಕ್ಲೌಡ್ ದೋಷಗಳನ್ನು ಆ ರೂಪಕ್ಕೆ ಇಳಿಸುತ್ತವೆ. ಆದರೆ ಮೂಲದಲ್ಲೇ 403 ಬಂದಿದ್ದರೆ, ಇಲ್ಲದ ಕಡತವೂ ಅನುಮತಿಯ ದೋಷವಾಗಿಯೇ ಕಾಣುತ್ತದೆ.

ಎಸ್‌3ರಲ್ಲಿ ಬರೆಯುವ ಮುನ್ನವೇ ಕಡತವನ್ನು ಒಮ್ಮೆ ವಿಚಾರಿಸಿದ್ದರೆ, ಬರೆದ ಮೇಲೂ ಸ್ವಲ್ಪ ಹೊತ್ತು 404 ಬರುವ ಸಾಧ್ಯತೆಯಿತ್ತು. 2020ರ ಡಿಸೆಂಬರ್‌ನಲ್ಲಿ ಆ ಕಾಟ ತಪ್ಪಿತು. 403ರ ನಿಯಮ ಮಾತ್ರ ಬದಲಾಗಿಲ್ಲ: ಪಟ್ಟಿ ನೋಡುವ ಅನುಮತಿ ಇಲ್ಲದ ಕೋಡ್, 403 ಬಂದಿತೆಂದು ಕಡತ ಇದೆಯೆಂದು ತೀರ್ಮಾನಿಸುವಂತಿಲ್ಲ.