‘ಸರ್ವರ್ ಡೌನ್’ ಅಂದ್ರೆ ಏನು? ಡೇಟಾಬೇಸ್ ನೋಡ್ ಕೈಕೊಟ್ಟಾಗ ಒಳಗೆ ನಡೆಯೋದೇನು, ಸರಿ ಮಾಡೋದು ಹೇಗೆ? ಇಲ್ಲಿದೆ ಮಾಹಿತಿ

ನ್ಯಾಯಬೆಲೆ ಅಂಗಡಿ ಮುಂದೆ ಬೆಳಗ್ಗೆಯಿಂದ ಕ್ಯೂ. ಬೆರಳು ಒತ್ತಿದರೆ ಮಷಿನ್ ಸುತ್ತುತ್ತಲೇ ಇರುತ್ತೆ. ಕಿರಾಣಿ ಅಂಗಡಿಯಲ್ಲಿ ಗ್ರಾಹಕರ ಖಾತೆಯಿಂದ ದುಡ್ಡು ಕಟ್ ಆಗಿದೆ, ಅಂಗಡಿಯ ಸೌಂಡ್‌ಬಾಕ್ಸ್ ಮಾತ್ರ ಸುಮ್ಮನಿದೆ. ಎಲ್ಲಿ ಕೇಳಿದರೂ ಸಿಗೋ ಉತ್ತರ ಒಂದೇ: ‘ಸರ್ವರ್ ಡೌನ್’.

ಇದಕ್ಕೆ ಕಾರಣ ಹಲವು. ಮೊಬೈಲ್ ಸಿಗ್ನಲ್ ಇಲ್ಲದಿರಬಹುದು, ಸಾಫ್ಟ್‌ವೇರ್ ದೋಷ ಇರಬಹುದು, ಒಂದೇ ಸಲ ಲಕ್ಷಾಂತರ ಜನ ಬಂದಿರಬಹುದು. ಅವುಗಳಲ್ಲಿ ಜನರ ಕಣ್ಣಿಗೆ ಬೀಳದ ಒಂದು ಕಾರಣ, ಲೆಕ್ಕ ಬರೆದಿಡುವ ಕಂಪ್ಯೂಟರ್‌ಗಳ ಗುಂಪಿನಲ್ಲೇ ಆಗುವ ಎಡವಟ್ಟು. ಆ ಗುಂಪಿಗೆ ಕ್ಲಸ್ಟರ್ ಅಂತಾರೆ, ಅದರಲ್ಲಿರುವ ಒಂದೊಂದು ಕಂಪ್ಯೂಟರ್‌ಗೆ ನೋಡ್ ಅಂತಾರೆ. ನೋಡ್ ಕೈಕೊಟ್ಟಾಗ ಏನಾಗುತ್ತೆ, ಅದನ್ನು ನೋಡಿಕೊಳ್ಳುವವರು ಏನು ಮಾಡ್ತಾರೆ, ಕಾಯುತ್ತಿರುವ ಗ್ರಾಹಕರು ಮತ್ತು ಅಂಗಡಿಯವರು ಏನು ಮಾಡಬೇಕು ಎಂಬ ವಿವರ ಇಲ್ಲಿದೆ.

ಮೂರು ಅಂಗಡಿ, ಒಂದೇ ಉದ್ರಿ ಲೆಕ್ಕ

ಮೂವರು ಅಣ್ಣತಮ್ಮಂದಿರು ಒಂದೇ ಊರಲ್ಲಿ ಮೂರು ಅಂಗಡಿ ಇಟ್ಟಿದ್ದಾರೆ ಅಂದುಕೊಳ್ಳಿ. ಪೇಟೆ ಬೀದಿಯಲ್ಲೊಂದು, ಬಸ್ ಸ್ಟ್ಯಾಂಡ್ ಹತ್ತಿರ ಒಂದು, ಸಂತೆ ಮೈದಾನದ ಬಳಿ ಒಂದು. ಉದ್ರಿ ಪುಸ್ತಕ ಮೂರು ಕಡೆಯೂ ಇದೆ, ಲೆಕ್ಕ ಮಾತ್ರ ಒಂದೇ. ಗ್ರಾಹಕರೊಬ್ಬರ ಬಾಕಿ 500 ರೂಪಾಯಿ. ಅವರು ಬಸ್ ಸ್ಟ್ಯಾಂಡ್ ಅಂಗಡಿಯಲ್ಲಿ 200 ಕಟ್ಟಿದರೆ ತಕ್ಷಣ ಫೋನ್ ಹೋಗಬೇಕು, ಉಳಿದ ಎರಡೂ ಪುಸ್ತಕದಲ್ಲಿ 300 ಅಂತ ಬರೆಯಬೇಕು.

ಒಂದು ಪುಸ್ತಕ ಮಳೆಗೆ ನೆನೆದು ಹಾಳಾದರೂ ಲೆಕ್ಕ ಉಳಿಯುತ್ತೆ. ಅದೇ ಇದರ ಲಾಭ. ಕಷ್ಟ ಇರೋದು ಬೇರೆ ಕಡೆ. ಸಂತೆ ಮೈದಾನದ ಅಂಗಡಿಯವರು ಫೋನ್ ಎತ್ತುತ್ತಿಲ್ಲ. ಅಂಗಡಿ ಮುಚ್ಚಿದೆಯಾ? ಅಥವಾ ಅಂಗಡಿ ತೆರೆದೇ ಇದ್ದು, ಫೋನ್ ಮಾತ್ರ ಕೆಟ್ಟಿದ್ದು, ಅಲ್ಲಿ ಇನ್ನೂ 500 ಬಾಕಿ ಅಂತಲೇ ವ್ಯಾಪಾರ ನಡೀತಿದೆಯಾ? ಈ ಕಡೆ ಕೂತವರಿಗೆ ಎರಡೂ ಒಂದೇ ಥರ ಕಾಣುತ್ತೆ.

ಕಂಪ್ಯೂಟರ್ ಕ್ಲಸ್ಟರ್‌ನ ಮುಖ್ಯ ತಲೆನೋವು ಇದೇ. ನೋಡ್ ಸತ್ತರೆ ದೊಡ್ಡ ಸಮಸ್ಯೆ ಅಲ್ಲ. ಸತ್ತಿದೆಯೋ, ಬರೀ ಸಂಪರ್ಕ ತಪ್ಪಿದೆಯೋ ಅಂತ ಗೊತ್ತಾಗದೇ ಇರೋದೇ ಸಮಸ್ಯೆ.

ಇಲ್ಲೂ ಬೇಕು ‘ಕೋರಂ’

ಗ್ರಾಮ ಪಂಚಾಯಿತಿ ಸಭೆ ಕೋರಂ ಇಲ್ಲದೆ ಮುಂದೂಡಿದ ಸುದ್ದಿ ಎಲ್ಲರಿಗೂ ಗೊತ್ತು. ಡೇಟಾಬೇಸ್‌ನಲ್ಲೂ ಅದೇ ಪದ ಬಳಕೆಯಲ್ಲಿದೆ. ಇಲ್ಲಿ ಕೋರಂ ಅಂದ್ರೆ ಅರ್ಧಕ್ಕಿಂತ ಹೆಚ್ಚು ನೋಡ್‌ಗಳು ಒಪ್ಪಬೇಕು. ಒಪ್ಪಿದರೆ ಮಾತ್ರ ಲೆಕ್ಕ ಬರೆದಂತೆ.

- 3 ನೋಡ್ ಇದ್ದರೆ 2 ಒಪ್ಪಬೇಕು. 1 ಬಿದ್ದರೂ ಕೆಲಸ ನಡೆಯುತ್ತೆ.
- 4 ನೋಡ್ ಇದ್ದರೆ 3 ಒಪ್ಪಬೇಕು. ಆಗಲೂ 1 ಬಿದ್ದರೆ ಮಾತ್ರ ತಡೆಯುತ್ತೆ.
- 5 ನೋಡ್ ಇದ್ದರೆ 3 ಒಪ್ಪಬೇಕು. 2 ಬಿದ್ದರೂ ನಡೆಯುತ್ತೆ.

3ರ ಬದಲು 4 ಇಟ್ಟರೆ ಖರ್ಚು ಹೆಚ್ಚು, ಲಾಭ ಇಲ್ಲ. ಅದಕ್ಕೇ ಸಾಮಾನ್ಯವಾಗಿ 3, 5 ಹೀಗೆ ಬೆಸ ಸಂಖ್ಯೆಯಲ್ಲಿ ಇಡುತ್ತಾರೆ. ಕೋರಂ ಸಿಗದಿದ್ದರೆ ಸರಿಯಾಗಿ ಕಟ್ಟಿದ ಡೇಟಾಬೇಸ್ ಬರೆಯೋಕೆ ನಿರಾಕರಿಸುತ್ತೆ. ಜನರಿಗೆ ಅದು ‘ಸರ್ವರ್ ಡೌನ್’ ಅಂತ ಕಾಣುತ್ತೆ. ಆದರೆ ಎರಡು ಕಡೆ ಎರಡು ಲೆಕ್ಕ ಬರೆದು ಆಮೇಲೆ ಜಗಳ ಆಗೋದಕ್ಕಿಂತ, ಸ್ವಲ್ಪ ಹೊತ್ತು ಬಾಗಿಲು ಹಾಕೋದೇ ವಾಸಿ.

43 ಸೆಕೆಂಡ್ ಸಂಪರ್ಕ ತಪ್ಪಿತು, 24 ಗಂಟೆ ಪರದಾಟ

ಎರಡು ಲೆಕ್ಕ ಆದರೆ ಏನಾಗುತ್ತೆ ಅನ್ನೋದಕ್ಕೆ ಗಿಟ್‌ಹಬ್ ಘಟನೆ ಒಳ್ಳೆ ಉದಾಹರಣೆ. ಪ್ರಪಂಚದ ಸಾಫ್ಟ್‌ವೇರ್ ಎಂಜಿನಿಯರ್‌ಗಳು ತಮ್ಮ ಕೆಲಸ ಇಡುವ ಜಾಗ ಅದು. ನಮ್ಮ ತಾಲೂಕುಗಳಿಂದ ಬೆಂಗಳೂರಿಗೆ ಹೋಗಿ ಐಟಿ ಕೆಲಸ ಮಾಡುವ ಹುಡುಗ ಹುಡುಗಿಯರನ್ನು ಕೇಳಿದರೆ ಹೇಳ್ತಾರೆ.

2018ರ ಅಕ್ಟೋಬರ್ 21ರಂದು, ನಮ್ಮ ಸಮಯದಲ್ಲಿ 22ರ ಬೆಳಗಿನ ಜಾವ, ಅಮೆರಿಕದ ಪೂರ್ವ ಕರಾವಳಿಯಲ್ಲಿ ಹಾಳಾಗುತ್ತಿದ್ದ ಒಂದು ನೆಟ್‌ವರ್ಕ್ ಉಪಕರಣ ಬದಲಿಸುವಾಗ ಅಲ್ಲಿನ ಮುಖ್ಯ ಡೇಟಾ ಸೆಂಟರ್‌ನ ಸಂಪರ್ಕ ತಪ್ಪಿತು. 43 ಸೆಕೆಂಡಿನಲ್ಲಿ ಸಂಪರ್ಕ ವಾಪಸ್ ಬಂತು. ಆದರೆ ಅಷ್ಟರಲ್ಲಿ, ಯಾವ ನೋಡ್ ಮುಖ್ಯಸ್ಥ ಅಂತ ತೀರ್ಮಾನಿಸುವ ಸಾಫ್ಟ್‌ವೇರ್ ‘ಪೂರ್ವದವರು ಹೋದರು’ ಅಂತ ಎಣಿಸಿ, ಪಶ್ಚಿಮ ಕರಾವಳಿಯ ನೋಡ್‌ಗಳಿಗೆ ಮುಖ್ಯಸ್ಥ ಸ್ಥಾನ ಕೊಟ್ಟಿತು.

ಪೂರ್ವದವರು ಹೋಗಿರಲಿಲ್ಲ. ಅಲ್ಲಿ ಕೊನೆಯ ಕೆಲ ಸೆಕೆಂಡುಗಳಲ್ಲಿ ಬರೆದ ಲೆಕ್ಕ ಪಶ್ಚಿಮಕ್ಕೆ ತಲುಪಿರಲಿಲ್ಲ. ಪಶ್ಚಿಮದಲ್ಲಿ ಸುಮಾರು 40 ನಿಮಿಷ ಹೊಸ ಲೆಕ್ಕ ಬರೆಯಲಾಗಿತ್ತು. ಎರಡೂ ಪುಸ್ತಕ ನಿಜ, ಎರಡೂ ಅಪೂರ್ಣ. ಕಂಪನಿ ಅವಸರ ಮಾಡಲಿಲ್ಲ. ಸೇವೆ ಬೇಗ ಸರಿಹೋಗೋದಕ್ಕಿಂತ ಜನರ ಮಾಹಿತಿ ಕಳೆಯದಿರೋದು ಮುಖ್ಯ ಅಂತ ಬ್ಯಾಕಪ್‌ನಿಂದ ಲೆಕ್ಕ ಸರಿಪಡಿಸಿತು. ಎಲ್ಲ ಸರಿಯಾಗಲು 24 ಗಂಟೆ 11 ನಿಮಿಷ ಬೇಕಾಯ್ತು.

ಆಮೇಲೆ ಅವರು ಮಾಡಿದ ಮುಖ್ಯ ಬದಲಾವಣೆಗಳಲ್ಲಿ ಒಂದು ಬರೀ ಸೆಟ್ಟಿಂಗ್: ಒಂದು ಕರಾವಳಿಯಿಂದ ಇನ್ನೊಂದಕ್ಕೆ ಮುಖ್ಯಸ್ಥ ಸ್ಥಾನ ತಾನಾಗೇ ದಾಟಬಾರದು. ಯಂತ್ರಗಳು ಹೇಳಿದ ಹಾಗೇ ಕೆಲಸ ಮಾಡಿದ್ದವು. ಹೇಳಿದ್ದೇ ಸರಿ ಇರಲಿಲ್ಲ.

ನೋಡ್ ಬಿದ್ದಾಗ ಮೊದಲು ಏನು ನೋಡಬೇಕು?

ಗಿಟ್‌ಹಬ್‌ನಲ್ಲಿದ್ದದ್ದು ಒಬ್ಬ ಮುಖ್ಯಸ್ಥ ಇರುವ ಮೈಎಸ್‌ಕ್ಯೂಎಲ್ ವ್ಯವಸ್ಥೆ. ಮುಖ್ಯಸ್ಥನೇ ಇಲ್ಲದ, ಎಲ್ಲ ನೋಡ್ ಸಮಾನ ಅನ್ನುವ ವ್ಯವಸ್ಥೆಗಳೂ ಇವೆ. ಅವುಗಳಲ್ಲಿ ಹೆಸರುವಾಸಿ ಅಪಾಚೆ ಕ್ಯಾಸಾಂಡ್ರಾ. ಫೇಸ್‌ಬುಕ್‌ನಲ್ಲಿ ಹುಟ್ಟಿ 2008ರಲ್ಲಿ ಎಲ್ಲರ ಬಳಕೆಗೆ ಮುಕ್ತವಾದ ಉಚಿತ ಸಾಫ್ಟ್‌ವೇರ್ ಇದು. ಇಲ್ಲಿ ನೂರು ನೋಡ್ ಇದ್ದರೂ ಒಂದೊಂದು ಲೆಕ್ಕದ ಪ್ರತಿ ಸಾಮಾನ್ಯವಾಗಿ ಮೂರು ನೋಡ್‌ಗಳಲ್ಲಿ ಇರುತ್ತೆ, ಕೋರಂ ಕೇಳಿದರೆ ಆ ಮೂರರಲ್ಲಿ ಎರಡು ಒಪ್ಪಬೇಕು. ನೋಡ್‌ಗಳು ಪ್ರತಿ ಸೆಕೆಂಡಿಗೊಮ್ಮೆ ಪರಸ್ಪರ ಕ್ಷೇಮ ಸಮಾಚಾರ ವಿಚಾರಿಸುತ್ತವೆ. ಇದಕ್ಕೆ ಇಟ್ಟ ಹೆಸರೇ ‘ಗಾಸಿಪ್’, ಅಂದ್ರೆ ಹರಟೆ.

ಇದನ್ನು ನಡೆಸುವವರು ತೊಂದರೆ ಬಂದಾಗ ಪರೀಕ್ಷಿಸುವ ಕ್ರಮ ಹೀಗಿದೆ:

1. ಒಂದಕ್ಕಿಂತ ಹೆಚ್ಚು ನೋಡ್‌ನಿಂದ ಸ್ಥಿತಿ ಕೇಳಿ. ‘ನೋಡ್‌ಟೂಲ್ ಸ್ಟೇಟಸ್’ ಆದೇಶ ಕೊಟ್ಟರೆ ಪ್ರತಿ ನೋಡ್ ಮುಂದೆ ಎರಡಕ್ಷರ ಬರುತ್ತೆ. ‘ಯುಎನ್’ ಅಂದ್ರೆ ಎದ್ದಿದೆ, ಎಲ್ಲ ಸರಿ. ‘ಡಿಎನ್’ ಅಂದ್ರೆ ಬಿದ್ದಿದೆ. ಆದರೆ ಇದು ಕೇಳಿದ ನೋಡ್‌ನ ಅಭಿಪ್ರಾಯ ಮಾತ್ರ. ಒಂದು ನೋಡ್ ‘ಬಿದ್ದಿದೆ’ ಅಂದು, ಇನ್ನೊಂದು ‘ಎದ್ದಿದೆ’ ಅಂದರೆ ಅನುಮಾನ ಪಡಬೇಕಾದದ್ದು ನಡುವಿನ ದಾರಿಯನ್ನ.

2. ದಾರಿ ನೋಡಿ. ನೋಡ್‌ಗಳು ಮಾತಾಡುವುದು 7000ನೇ ಪೋರ್ಟ್‌ನಲ್ಲಿ. ಹೊರಗಿನ ಆ್ಯಪ್‌ಗಳು ಬರುವುದು 9042ರಲ್ಲಿ. ಫೈರ್‌ವಾಲ್‌ನಲ್ಲಿ ಒಂದು ತೆರೆದು ಇನ್ನೊಂದು ಮುಚ್ಚಿದ್ದರೆ ನೋಡ್ ಅರ್ಧ ಬದುಕಿದ ಹಾಗೆ ಆಡುತ್ತೆ.

3. ಡಿಸ್ಕ್ ತುಂಬಿದೆಯಾ ನೋಡಿ. ಕ್ಯಾಸಾಂಡ್ರಾ ಹಳೇ ಫೈಲ್‌ಗಳನ್ನು ಆಗಾಗ ಒಟ್ಟುಗೂಡಿಸಿ ಹೊಸದಾಗಿ ಬರೆಯುತ್ತೆ. ಅದಕ್ಕೆ ಖಾಲಿ ಜಾಗ ಬೇಕು. ಡಿಸ್ಕ್ ಭರ್ತಿಯಾಗುವವರೆಗೆ ಸುಮ್ಮನಿದ್ದರೆ ನೋಡ್ ಬೀಳೋದು ಖಂಡಿತ.

4. ಗಡಿಯಾರ ನೋಡಿ. ಎರಡು ನಮೂದು ಬೇರೆ ಬೇರೆ ಇದ್ದರೆ, ಯಾವುದರ ಸಮಯ ಹೊಸದೋ ಅದೇ ಗೆಲ್ಲುತ್ತೆ. ಒಂದು ಯಂತ್ರದ ಗಡಿಯಾರ 5 ನಿಮಿಷ ಮುಂದಿದ್ದರೆ ಅದು ಬರೆದ ಹಳೇ ಲೆಕ್ಕವೇ ಹೊಸದಾಗಿ ಕೂರುತ್ತೆ. ಎಲ್ಲ ಯಂತ್ರಗಳ ಗಡಿಯಾರವನ್ನು ಇಂಟರ್ನೆಟ್ ಸಮಯಕ್ಕೆ ಹೊಂದಿಸಿರಲೇಬೇಕು.

5. ಲಾಗ್ ಓದಿ. ನೋಡ್ ಬಿದ್ದದ್ದಲ್ಲ, ಮೆಮೊರಿ ಶುಚಿ ಮಾಡುತ್ತಾ ಕೆಲ ಸೆಕೆಂಡ್ ನಿಂತಿತ್ತು ಅನ್ನೋದು ಗೊತ್ತಾಗೋದು ಅಲ್ಲೇ. ರೀಸ್ಟಾರ್ಟ್ ಮಾಡೋದು ಲಾಗ್ ಓದಿದ ಮೇಲೆ.

ವಾಪಸ್ ಬಂದ ನೋಡ್ ಬಗ್ಗೆ ಎಚ್ಚರ

ಬಿದ್ದ ನೋಡ್ ಎದ್ದರೆ ಎಲ್ಲ ಮುಗೀತು ಅಂದುಕೊಳ್ಳುವ ಹಾಗಿಲ್ಲ. ಅದರ ಕೈಯಲ್ಲಿರೋದು ಹಳೇ ಪುಸ್ತಕ. ಇಲ್ಲಿ ಎರಡು ಅವಧಿ ನೆನಪಿಡಬೇಕು.

ಮೊದಲನೆಯದು 3 ಗಂಟೆ. ಒಂದು ನೋಡ್ ಇಲ್ಲದಾಗ ಉಳಿದವು ಅದಕ್ಕೆ ಹೇಳಬೇಕಾದ್ದನ್ನು ಚೀಟಿ ಬರೆದಿಟ್ಟುಕೊಂಡು, ಬಂದ ಮೇಲೆ ಕೊಡುತ್ತವೆ. ಸೆಟ್ಟಿಂಗ್ ಬದಲಿಸದಿದ್ದರೆ ಹೀಗೆ ಚೀಟಿ ಬರೆಯೋದು 3 ಗಂಟೆ ಮಾತ್ರ. ಅದಕ್ಕಿಂತ ಹೆಚ್ಚು ಹೊತ್ತು ಹೊರಗಿದ್ದ ನೋಡ್‌ಗೆ ‘ರಿಪೇರ್’ ಓಡಿಸಿ, ಬೇರೆ ಪುಸ್ತಕಗಳ ಜೊತೆ ಲೆಕ್ಕ ತಾಳೆ ಹಾಕಲೇಬೇಕು.

ಎರಡನೆಯದು 10 ದಿನ. ಅಳಿಸಿದ ಲೆಕ್ಕ ತಕ್ಷಣ ಮಾಯವಾಗಲ್ಲ. ಅದರ ಮೇಲೆ ‘ರದ್ದು’ ಅಂತ ಗುರುತು ಬೀಳುತ್ತೆ, 10 ದಿನದ ಬಳಿಕ ಗುರುತೂ ಹೋಗುತ್ತೆ. ಇದಕ್ಕಿಂತ ಹೆಚ್ಚು ದಿನ ಹೊರಗಿದ್ದ ನೋಡ್ ಹಾಗೇ ವಾಪಸ್ ಬಂದರೆ, ಅದರ ಪುಸ್ತಕದಲ್ಲಿ ಲೆಕ್ಕ ಇದೆ, ರದ್ದು ಅನ್ನೋ ಗುರುತು ಯಾರ ಬಳಿಯೂ ಇಲ್ಲ. ತೀರಿಸಿದ ಬಾಕಿ ಮತ್ತೆ ಎದ್ದು ಕೂರುತ್ತೆ. ಇಂಥ ನೋಡ್ ಅನ್ನು ಖಾಲಿ ಮಾಡಿ ಹೊಸದರ ಹಾಗೆ ಸೇರಿಸೋದೇ ಸರಿಯಾದ ದಾರಿ.

ಹೊಸ ನೋಡ್ ಸೇರಿಸುವಾಗ

- ಕ್ಲಸ್ಟರ್ ಹೆಸರು ಎಲ್ಲ ನೋಡ್‌ಗಳಲ್ಲೂ ಒಂದೇ ಇರಬೇಕು. ಬೇರೆ ಇದ್ದರೆ ಸೇರಿಸಿಕೊಳ್ಳಲ್ಲ.
- ಕೇಳುವ ವಿಳಾಸ ‘ಲೋಕಲ್‌ಹೋಸ್ಟ್’ ಅಂತಲೇ ಉಳಿದಿದ್ದರೆ ಆ ನೋಡ್ ತನ್ನ ಜೊತೆ ತಾನೇ ಮಾತಾಡಿಕೊಂಡಿರುತ್ತೆ. ಉಳಿದವರಿಗೆ ಕಾಣುವ ಐಪಿ ವಿಳಾಸ ಕೊಡಬೇಕು.
- ‘ಸೀಡ್’ ಪಟ್ಟಿಯಲ್ಲಿ ಇರಬೇಕಾದದ್ದು ಊರಿಗೆಲ್ಲ ಗೊತ್ತಿರುವ ಹಳೇ ನೋಡ್‌ಗಳು. ಹೊಸ ನೋಡ್ ತನ್ನ ಹೆಸರನ್ನೇ ಹಾಕಿಕೊಂಡರೆ ಹಳೇ ಲೆಕ್ಕ ತರಿಸಿಕೊಳ್ಳದೆ ಖಾಲಿ ಪುಸ್ತಕ ಹಿಡಿದು ಅಂಗಡಿ ತೆರೆಯುತ್ತೆ.
- ಒಂದಾದ ಮೇಲೆ ಒಂದು ಸೇರಿಸಬೇಕು. ಸೇರಿದ ಮೇಲೆ ಹಳೇ ನೋಡ್‌ಗಳಲ್ಲಿ ‘ಕ್ಲೀನಪ್’ ಓಡಿಸಬೇಕು.
- ಮೂರು ಪ್ರತಿ ಇದೆ ಅಂತ ಬ್ಯಾಕಪ್ ಬಿಡಬಾರದು. ಯಾರೋ ತಪ್ಪಾಗಿ ಅಳಿಸಿದರೆ ಮೂರೂ ಕಡೆ ಅಳಿಸಿಹೋಗುತ್ತೆ. ಬಿಲ್ಲಿಂಗ್ ಕಂಪ್ಯೂಟರ್ ಇಟ್ಟ ಅಂಗಡಿಗೂ, ಸಹಕಾರ ಸಂಘಕ್ಕೂ ಈ ಮಾತು ಅಷ್ಟೇ ಅನ್ವಯ.

ಅಂಗಡಿಯವರು, ಗ್ರಾಹಕರು ಏನು ಮಾಡಬೇಕು?

ಯುಪಿಐನಲ್ಲಿ ಯಾವ ಬ್ಯಾಂಕ್ ಯಾವ ಡೇಟಾಬೇಸ್ ಬಳಸುತ್ತೆ ಅನ್ನೋದು ಅಂಗಡಿಯವರಿಗೆ ಮುಖ್ಯ ಅಲ್ಲ. ‘ಪೆಂಡಿಂಗ್’ ಅಂತ ಬಂದಾಗ ಅರ್ಥ ಇಷ್ಟೇ: ಎಲ್ಲ ಕಡೆಯ ಲೆಕ್ಕ ಇನ್ನೂ ತಾಳೆ ಆಗಿಲ್ಲ. ದುಡ್ಡು ಹೋಯ್ತು ಅಂತಲೂ ಅಲ್ಲ, ಬಂತು ಅಂತಲೂ ಅಲ್ಲ.

ಆಗ ಅವಸರದಲ್ಲಿ ಮತ್ತೆ ಸ್ಕ್ಯಾನ್ ಮಾಡಬೇಡಿ. ಎರಡನೇ ಸ್ಕ್ಯಾನ್ ವ್ಯವಸ್ಥೆಗೆ ಹೊಸ ಪಾವತಿ. ಅದೇ ಸಾಮಾನಿನ ದುಡ್ಡು ಅಂತ ಅದಕ್ಕೆ ಗೊತ್ತಾಗಲ್ಲ. ಗ್ರಾಹಕರ ಮೊಬೈಲ್‌ನಲ್ಲಿ ಬರುವ 12 ಅಂಕಿಯ ಯುಟಿಆರ್ ಸಂಖ್ಯೆ ಬರೆದಿಟ್ಟುಕೊಳ್ಳಿ. ದುಡ್ಡು ಬಂತಾ ಅಂತ ಗ್ರಾಹಕರ ಸ್ಕ್ರೀನ್‌ಶಾಟ್ ನೋಡಿ ನಂಬದೆ ನಿಮ್ಮ ಖಾತೆಯಲ್ಲೇ ನೋಡಿ.

ರಿಸರ್ವ್ ಬ್ಯಾಂಕ್‌ನ 2019ರ ಸೆಪ್ಟೆಂಬರ್ 20ರ ಸುತ್ತೋಲೆ ಪ್ರಕಾರ, ಯುಪಿಐನಲ್ಲಿ ಒಬ್ಬರಿಂದ ಒಬ್ಬರಿಗೆ ಕಳಿಸಿದ ದುಡ್ಡು ಕಟ್ ಆಗಿ ತಲುಪದಿದ್ದರೆ ಮರುದಿನದೊಳಗೆ, ಅಂಗಡಿ ಪಾವತಿಯಲ್ಲಿ ಕಟ್ ಆಗಿ ಅಂಗಡಿಗೆ ಖಾತರಿ ಬಾರದಿದ್ದರೆ 5 ದಿನದೊಳಗೆ ತಾನಾಗೇ ವಾಪಸ್ ಆಗಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು. ಬ್ಯಾಂಕ್‌ಗೆ ದೂರು ಕೊಟ್ಟು 30 ದಿನದಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ ಉಚಿತವಾಗಿ ದೂರು ಸಲ್ಲಿಸಬಹುದು.

ಕ್ಯೂನಲ್ಲಿ ನಿಂತವರಿಗೆ ಕಾಯೋದು ಕಷ್ಟವೇ, ಅದರಲ್ಲೂ ಕೂಲಿ ಬಿಟ್ಟು ಬಂದವರಿಗೆ. ಆದರೆ ಎರಡು ಪುಸ್ತಕದಲ್ಲಿ ಎರಡು ಲೆಕ್ಕ ಬಿದ್ದರೆ ಅದನ್ನು ಬಿಡಿಸೋಕೆ ಹಿಡಿಯೋ ಹೊತ್ತು ಇದಕ್ಕಿಂತ ಎಷ್ಟೋ ಹೆಚ್ಚು. ಮುಂದಿನ ಸಲ ‘ಪೆಂಡಿಂಗ್’ ಕಂಡರೆ ಯುಟಿಆರ್ ಬರೆದಿಡಿ, ಸ್ವಲ್ಪ ಕಾಯಿರಿ, ಎರಡನೇ ಸಲ ಸ್ಕ್ಯಾನ್ ಮಾಡಬೇಡಿ.