ಹೊಸ ನಾಟಕದ ಬೆನ್ನಿಗೆ ನಿಂತವರು

ನಾಟಕ ಬರೆದವರ ಬಗ್ಗೆ ನಾವೆಲ್ಲ ಬೇಕಾದಷ್ಟು ಓದಿದ್ದೀವಿ. ಆದರೆ ಹೆಸರೇ ಕೇಳದ ಹುಡುಗನೊಬ್ಬ ಬರೆದ ನಾಟಕವನ್ನ ಮೊದಲು ಓದಿ, "ಇದು ಚಲೋ ಅದ, ಇದನ್ನ ಆಡ್ರಿ" ಅಂತ ನಾಲ್ಕು ಮಂದಿಗೆ ಹೇಳಿದವರು ಯಾರು? ನಮ್ಮ ಧಾರವಾಡ ಸೀಮೆಯ ರಂಗಭೂಮಿಯ ಇತಿಹಾಸ ನೋಡಿದರೆ ಈ ಶಿಫಾರಸು ಮಾಡಿದವರದ್ದೇ ಒಂದು ದೊಡ್ಡ ಕಥೆ ಆಗ್ತದೆ.

1870ರ ದಶಕದಿಂದ ಶುರು ಮಾಡೋಣ. ಆಗ ಈ ಭಾಗದಲ್ಲಿ ನಾಟಕ ಅಂದರೆ ಮರಾಠಿ ನಾಟಕ. ಸಾಂಗ್ಲಿಯಲ್ಲಿ ವಿಷ್ಣುದಾಸ ಭಾವೆ 1843ರಲ್ಲಿ ಹಚ್ಚಿದ ದೀಪ ಇಲ್ಲಿತನಕ ಬೆಳಕು ಚೆಲ್ಲಿತ್ತು. ಸಾಲಿ ಮಾಸ್ತರರಾಗಿದ್ದ ಸಕ್ಕರಿ ಬಾಳಾಚಾರ್ಯರು, ಅಂದರೆ ಶಾಂತಕವಿಗಳು, ಇನ್ನೂ ಇಪ್ಪತ್ತರ ಆಸುಪಾಸಿನ ಹುಡುಗ. ಕನ್ನಡದಲ್ಲಿ ಬರೆದರೆ ಆಡುವವರು ಬೇಕಲ್ಲ? ಅದಕ್ಕೆ ಗದಗಿನಲ್ಲಿ ಕೃತಪುರ ನಾಟಕ ಮಂಡಳಿ ಹುಟ್ಟಿಕೊಂಡಿತು. ಬರೆದವರೇ ತಮ್ಮ ನಾಟಕಕ್ಕೆ ಮಂಡಳಿಯನ್ನೂ ಕಟ್ಟಿಕೊಳ್ಳಬೇಕಾದ ಕಾಲ ಅದು. ಅಷ್ಟಾದರೂ ಮರಾಠಿಯ ಸೆಳೆತ ಹೋಗಲಿಲ್ಲ. ನಮ್ಮ ಪಕ್ಕದ ಕುಂದಗೋಳದವರೇ ಆದ ಸವಾಯಿ ಗಂಧರ್ವರು ಮುಂದೆ ಸ್ತ್ರೀಪಾತ್ರ ಮಾಡಿ ಹೆಸರಾದದ್ದು ಮರಾಠಿ ರಂಗದ ಮೇಲೆ!

ಇನ್ನೊಂದು ದಾರಿ ತೆರೆದವರು ಧಾರವಾಡದ ಜಿ.ಬಿ. ಜೋಶಿ. 1933ರಲ್ಲಿ ಮನೋಹರ ಗ್ರಂಥಮಾಲೆ ಶುರು ಮಾಡಿದರು. ಮಾಲೆಯ ವಹಿವಾಟು ಬಹಳ ಸರಳ. ಓದುಗರು ಮೊದಲೇ ಚಂದಾ ಕೊಡೋದು, ಪುಸ್ತಕ ಅಚ್ಚಾದ ಹಾಗೆ ಅವರ ಮನೆಗೆ ಹೋಗೋದು. ಇದರ ಗುಟ್ಟು ಏನು ಗೊತ್ತಾ? ಚಂದಾದಾರ ದುಡ್ಡು ಕೊಡುವಾಗ ಲೇಖಕನ ಹೆಸರು ನೋಡೋದಿಲ್ಲ, ಮಾಲೆಯನ್ನ ನಂಬಿ ಕೊಡ್ತಾನೆ. ಹಾಗಾಗಿ ಹೆಸರಿಲ್ಲದ ಲೇಖಕನ ಪುಸ್ತಕವೂ ಹೆಸರಾದವರ ಪುಸ್ತಕದ ಜೊತೆ ಅದೇ ಮನೆಯ ಹೊಸ್ತಿಲು ದಾಟ್ತದೆ. ಸುಭಾಸ ರಸ್ತೆಯ ಆ ಅಟ್ಟದ ಮೇಲೆ ಬೇಂದ್ರೆಯಿಂದ ಹಿಡಿದು ಎಷ್ಟು ಮಂದಿ ಕೂತು ಹರಟಿದರೋ! ಆಣಂದದಲ್ಲಿ ಇಂಗ್ಲಿಷ್ ಕಲಿಸ್ತಿದ್ದ ಕೀರ್ತಿನಾಥ ಕುರ್ತಕೋಟಿ ಮಾಲೆಯ ಸಲಹೆಗಾರರು. ಜೋಶಿಯವರು ಸ್ವತಃ 'ಜಡಭರತ' ಅನ್ನೋ ಹೆಸರಲ್ಲಿ ನಾಟಕ ಬರೆಯೋರು. ಅಂದರೆ ನಾಟಕದ ಸುಖ ದುಃಖ ಗೊತ್ತಿದ್ದ ಪ್ರಕಾಶಕ.

1961ರಲ್ಲಿ ಈ ಮಾಲೆಯಿಂದ 'ಯಯಾತಿ' ಬಂತು. ಬರೆದ ಗಿರೀಶ ಕಾರ್ನಾಡರಿಗೆ ಆಗ ಇಪ್ಪತ್ತಮೂರು ವರ್ಷ, ಅದೇ ಮೊದಲ ನಾಟಕ, ಆಸಾಮಿ ಇದ್ದದ್ದು ಆಕ್ಸ್‌ಫರ್ಡಿನಲ್ಲಿ. ಇಂದು ನಮಗೆ ಆ ಹೆಸರಿನ ತೂಕ ಗೊತ್ತು. ಅಂದು ಆ ತೂಕ ಇರಲಿಲ್ಲ, ಕೈಬರಹ ಇತ್ತು ಅಷ್ಟೇ. ಅದನ್ನು ಓದಿ ಒಪ್ಪಿದವರ ಧೈರ್ಯ ಲೆಕ್ಕಕ್ಕೆ ಬರಬೇಕಲ್ಲವಾ? 1964ರಲ್ಲಿ 'ತುಘಲಕ್', 1971ರಲ್ಲಿ 'ಹಯವದನ', ಕಡೆಗೆ 2018ರಲ್ಲಿ 'ರಾಕ್ಷಸ ತಂಗಡಿ'. ಎಲ್ಲಾ ಅದೇ ಮಾಲೆಯಿಂದ. ಐವತ್ತೇಳು ವರ್ಷದ ನಂಟು!

ಅಚ್ಚಾದರೆ ಸಾಲದು, ಆಡುವವರೂ ಬೇಕು. ಆ ಕೆಲಸ ಬೆಂಗಳೂರಲ್ಲಿ 1972ರಲ್ಲಿ ಆಯ್ತು. ಬಿ.ವಿ. ಕಾರಂತರು ರವೀಂದ್ರ ಕಲಾಕ್ಷೇತ್ರದ ಬಯಲಲ್ಲಿ 'ಈಡಿಪಸ್', 'ಸಂಕ್ರಾಂತಿ', 'ಜೋಕುಮಾರಸ್ವಾಮಿ' ಆಡಿಸಿದರು. ಕಂಬಾರರ ಬೆಳಗಾವಿ ಸೀಮೆಯ ಮಾತು ಬೆಂಗಳೂರಿನ ಮಂದಿಗೆ ರುಚಿಸಿತು. ನಿರ್ದೇಶಕನೊಬ್ಬ ಒಂದು ನಾಟಕವನ್ನ ಎತ್ತಿಕೊಳ್ಳೋದೇ ಅದಕ್ಕೆ ಸಿಗುವ ಎಲ್ಲಕ್ಕಿಂತ ದೊಡ್ಡ ಶಿಫಾರಸು.

ಇನ್ನು ನಮ್ಮ ಮೊರಬದಂಥ ಊರಿಗೆ ಬರೋಣ. ನವಲಗುಂದ ತಾಲೂಕಿನ ಎರಿ ಹೊಲದ ಊರು ಇದು. ಸುಗ್ಗಿ ಮುಗಿದು ಜಾತ್ರಿ ಬಂತಂದರೆ ಈ ಕಡೆಯ ಊರುಗಳಲ್ಲಿ ನಾಟಕ ಇರಲೇಬೇಕು. ಪಾತ್ರ ಮಾಡೋರೇ ರೊಕ್ಕ ಹಾಕ್ತಾರೆ. ಕಲಿಸೋ ಮಾಸ್ತರ, ಪೇಟಿ ಮಾಸ್ತರ, ಬಾಡಿಗಿ ಸೀನರಿ, ಸ್ತ್ರೀಪಾತ್ರಕ್ಕೆ ಹೊರಗಿಂದ ಬರೋ ಕಲಾವಿದೆಯರು. ಹ್ಯಾಂಡ್‌ಬಿಲ್ಲಿನ ಮೇಲೆ ನಾಟಕಕ್ಕೆ ಎರಡು ಹೆಸರು, ನಡುವೆ 'ಅರ್ಥಾತ್'. ಇಲ್ಲಿ ನಾಟಕ ಆರಿಸೋದು ಹೇಗೆ? ಬಾಜೂ ಊರಾಗ ಹೋದ ವರ್ಷ ಯಾವುದು ಚಲೋ ಆತು ಅನ್ನೋದರ ಮೇಲೆ. ವಿಮರ್ಶೆ ಎಲ್ಲಾ ಬಾಯಿಮಾತಿನದು. ಆದರೆ ಒಂದು ನಾಟಕ ಬಿದ್ದರೆ ರೊಕ್ಕ ಹಾಕಿದ ಹತ್ತು ಮನೆಗಳ ಮಾನ ಹೋಗ್ತದೆ, ಹಾಗಾಗಿ ಹೊಸದರ ತಂಟೆ ಬ್ಯಾಡ ಅಂತ ಹಳೆಯದಕ್ಕೇ ಜೋತು ಬೀಳ್ತಾರೆ. ತಪ್ಪು ಅನ್ನೋ ಹಾಗಿಲ್ಲ. ಅವರಿಗೆ ಹೊಸ ನಾಟಕದ ಸುದ್ದಿ ಮುಟ್ಟಿಸೋರು ಯಾರು?

ನನಗೆ ಕಾಣೋ ಕೊರತೆ ಇದು. ಪಟ್ಟಣದಲ್ಲಿ ಹೊಸ ಹುಡುಗರು, ಹುಡುಗಿಯರು ಬರೀತಾನೇ ಇದ್ದಾರೆ. ಎರಡು ಮೂರು ಪ್ರಯೋಗ ಆಗ್ತವೆ, ಗೆಳೆಯರು ಚಪ್ಪಾಳೆ ತಟ್ತಾರೆ, ಆಮೇಲೆ ಪ್ರತಿ ಕಪಾಟು ಸೇರ್ತದೆ. ಅಚ್ಚಾಗದ ನಾಟಕ ಹಳ್ಳಿಗೆ ಬರೋದಿಲ್ಲ, ಬರದ ನಾಟಕವನ್ನ ಯಾರೂ ಆಡೋದಿಲ್ಲ. ಜೋಶಿಯವರು ಚಂದಾದಾರರನ್ನ ಹಿಡಿದು ದಾಟಿಸಿದ್ದು ಇದೇ ಹಳ್ಳ.

ಹಾಗಾಗಿ ಬರೆಯುವ ಗೆಳೆಯರಲ್ಲಿ ಒಂದು ವಿನಂತಿ. ಹೊಸಬರ ನಾಟಕ ನೋಡಿದರೆ "ಅದ್ಭುತವಾಗಿತ್ತು" ಅಂತ ಬರೆದು ಬಿಡಬೇಡಿ. ಪಾತ್ರ ಎಷ್ಟು, ಅದರಲ್ಲಿ ಹೆಣ್ಣು ಪಾತ್ರ ಎಷ್ಟು, ಎಷ್ಟು ತಾಸಿನದು, ಯಾವ ಸೀಮೆಯ ಮಾತು, ಹಾಡು ಇವೆಯಾ, ದೊಡ್ಡ ಸೀನರಿ ಇಲ್ಲದೆ ಆಡಬಹುದಾ, ಪ್ರತಿಗೂ ಅನುಮತಿಗೂ ನಾಟಕಕಾರರನ್ನ ಹೇಗೆ ಕೇಳಬೇಕು... ಇಷ್ಟು ಬರೆದರೆ ಸಾಕು. ಕಲಿಸೋ ಮಾಸ್ತರನಿಗೆ ಬೇಕಾದದ್ದು ಇದೇ. ಚಲೋ ಇಲ್ಲದ್ದು ಏನು ಅಂತಲೂ ಬರೀರಿ, ಆವಾಗಲೇ ನಿಮ್ಮ ಹೊಗಳಿಕೆಯನ್ನ ಮಂದಿ ನಂಬೋದು.

ಯಾರು ಮುಂದಿನ ಕಾರ್ನಾಡರೋ, ಕಂಬಾರರೋ ನಮಗೆ ಗೊತ್ತಾಗೋದಿಲ್ಲ. ಅಟ್ಟದ ಮೇಲೆ ಕೂತವರಿಗೂ 1961ರಲ್ಲಿ ಗೊತ್ತಿರಲಿಲ್ಲ. ಅವರು ಓದಿದರು, ಹಿಡಿಸಿತು, ನಾಲ್ಕು ಮಂದಿಗೆ ಮುಟ್ಟಿಸಿದರು. ನೀವು ಈಚೆಗೆ ನೋಡಿದ ಹೊಸ ನಾಟಕ ಯಾವುದು? ಬರೀರಿ, ಮುಂದಿನ ಜಾತ್ರಿಯೊಳಗ ನಮ್ಮ ಕಡೆ ಮಾಸ್ತರರಿಗೆ ಓದಿ ಹೇಳಲಿಕ್ಕೆ ಬರ್ತದೆ.